ಜಿಸೆಲ್ಲಳ ಉನ್ಮಾದವೂ ಓಲ್ಗಾ ಸ್ಪೆಸಿವ್ತ್ಸೆವಾಳ ಬಾಳೂ

ನಟನನ್ನು ‘ಪಾತ್ರ’ವೆನ್ನುವುದಕ್ಕೆ ಅಭಿನವಗುಪ್ತಾಚಾರ್ಯರು ಕೊಟ್ಟಿರುವ ಕಾರಣ ಪ್ರಸಿದ್ಧವಾದುದು. ಮದ್ಯದ ರುಚಿಯು ಅದನ್ನು ತುಂಬಿಕೊಂಡ ಪಾತ್ರೆಗೆ ತಿಳಿಯದು. ರಸಾಸ್ವಾದವೂ ಹಾಗೆಯೇ, ಸಹೃದಯನದಲ್ಲದೆ ನಟನದಲ್ಲ. ಯೂರೋಪಖಂಡದ ‘ಬ್ಯಾಲೆ’ ಎಂಬ ಕಥಾನೃತ್ಯದ ಚರಿತ್ರೆಯಲ್ಲಿ ಈ ಮಾತನ್ನು ಒರೆಗೆ ಹಚ್ಚುವಂಥ ಬಾಳೊಂದುಂಟು.

‘ಜಿಸೆಲ್’ ಎಂಬ ಬ್ಯಾಲೆಯು 1841ನೆಯ ಜೂನ್ 28ರಂದು ಪ್ಯಾರಿಸಿನ ಆಪೆರಾದಲ್ಲಿ ಮೊದಲು ರಂಗವೇರಿತು. ಇದರಲ್ಲಿ ಮಾತಿಲ್ಲ, ಹಾಡಿಲ್ಲ; ಎಲ್ಲವನ್ನೂ ಅಂಗಗಳೇ ನುಡಿಯಬೇಕು. ಹಳ್ಳಿಯ ಹುಡುಗಿಯೊಬ್ಬಳು ವೇಷ ಮರೆಸಿ ಬಂದ ಸಿರಿವಂತನಿಗೆ ಮನಸೋತು, ಅವನಿಗೆ ಬೇರೊಂದು ಸಂಬಂಧ ನಿಶ್ಚಯವಾಗಿದೆಯೆಂದು ತಿಳಿದೊಡನೆ ಬುದ್ಧಿಗೆಟ್ಟು ಸಾಯುತ್ತಾಳೆ. ಎರಡನೆಯ ಅಂಕದಲ್ಲಿ ಪ್ರೇತವಾಗಿ ಬಂದು, ಇತರ ಪ್ರೇತಕನ್ಯೆಯರು ಕುಣಿಸಿ ಕೊಲ್ಲಬೇಕೆಂದಿದ್ದ ಆ ವಂಚಕನನ್ನೇ ಬೆಳಗಾಗುವವರೆಗೆ ಕಾಯುತ್ತಾಳೆ. ಮೊದಲು ಮಣ್ಣಿನ ಮಗಳಾಗಿ ಕುಣಿದವಳು ಆಮೇಲೆ ಕಾಲ್ಬೆರಳ ತುದಿಯ ಮೇಲೆ ಮಂಜಿನಂತೆ ತೇಲಬೇಕು. ಏದುಸಿರು ಯಾರಿಗೂ ಕಾಣಕೂಡದು.

ಆದರೂ ಇದರಲ್ಲಿ ಎಲ್ಲಕ್ಕಿಂತ ಕಠಿನವಾದುದು ಉನ್ಮಾದದ ಸನ್ನಿವೇಶವೇ. ಕೂದಲು ಕೆದರಿದೆ, ಮೊದಲು ನಲಿದು ಹಾಕಿದ ಹೆಜ್ಜೆಗಳನ್ನೇ ಮತ್ತೆ ಹಾಕಹೋಗಿ ತಪ್ಪುತ್ತಾಳೆ, ಇಲ್ಲದ ಹೂವಿನ ಎಸಳುಗಳನ್ನು ಎಣಿಸುತ್ತಾಳೆ, ನೆಲದ ಮೇಲೆ ಕತ್ತಿಯನ್ನು ಎಳೆದಾಡುತ್ತಾಳೆ. ಉನ್ಮಾದಕ್ಕೆ ಇಷ್ಟಜನವಿಯೋಗವು ಕಾರಣವೆಂದೂ, ನಿಮಿತ್ತವಿಲ್ಲದ ನಗೆ ಅಳುಗಳು ಅದರ ಅನುಭಾವಗಳೆಂದೂ ಭರತಮುನಿಯು ಹೇಳಿರುವುದು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

1895ರಲ್ಲಿ ಹುಟ್ಟಿದ ರಷ್ಯಾದೇಶದ ಓಲ್ಗಾ ಸ್ಪೆಸಿವ್ತ್ಸೆವಾ ಈ ಪಾತ್ರವನ್ನು ಪೆಟ್ರೋಗ್ರಾಡಿನಲ್ಲಿ 1919ರಲ್ಲಿ ಧರಿಸಿದಳು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಅನಾಥಾಲಯವನ್ನು ಸೇರಿದ್ದವಳು. ಪಾತ್ರಸಿದ್ಧಿಗಾಗಿ ಆಕೆ ಹುಚ್ಚಾಸ್ಪತ್ರೆಗೆ ಹೋಗಿ ರೋಗಿಗಳ ನೋಟ ನಡೆಗಳನ್ನು ಗಮನಿಸಿದಳಂತೆ. 1924ರಲ್ಲಿ ದೇಶ ಬಿಟ್ಟು ಪ್ಯಾರಿಸಿಗೆ ಬಂದು ಅಲ್ಲಿಯೂ ಜಿಸೆಲ್ಲಳಾದಳು. 1932ರಲ್ಲಿ ಲಂಡನಿನಲ್ಲಿ ಆಂಟನ್ ಡಾಲಿನನ ಜೊತೆಗೆ ಕುಣಿದುದರ ತುಣುಕು ಚಲಚ್ಚಿತ್ರದಲ್ಲಿ ಉಳಿದಿದೆ.

ಎರಡು ವರ್ಷ ಕಳೆದು ಆಸ್ಟ್ರೇಲಿಯದ ಪ್ರವಾಸದಲ್ಲಿ ಅವಳ ಚಿತ್ತ ಕದಡಿತು. 1943ರಲ್ಲಿ ಅಮೆರಿಕದ ಮಾನಸಿಕ ಚಿಕಿತ್ಸಾಲಯವನ್ನು ಸೇರಿದವಳು ಇಪ್ಪತ್ತು ವರ್ಷ ಅಲ್ಲಿಯೇ ಕಳೆದಳು. ಜಿಸೆಲ್ಲಳೇ ಅವಳನ್ನು ನುಂಗಿದಳೆಂದು ರಸಿಕರು ಹೇಳುವುದುಂಟು. ಕೇಳುವುದಕ್ಕೆ ಸೊಗಸಾದ ಈ ಮಾತು ಆ ಕಲಾವಿದೆಗೆ ಮಾಡುವ ಅನ್ಯಾಯ. ವರ್ಷ ವರ್ಷವೂ ಅದೇ ಹುಚ್ಚನ್ನು ತಾಳಕ್ಕೆ ಸರಿಯಾಗಿ ಅಭಿನಯಿಸಿ, ಒಡನೆಯೇ ಎರಡನೆಯ ಅಂಕಕ್ಕೆ ಉಸಿರು ಹಿಡಿದು ನಿಂತವಳು ಉನ್ಮತ್ತೆಯಾಗಿರಲಿಲ್ಲ. ಅದು ಶಿಕ್ಷಿತಳ ಕೆಲಸ. ಆಸ್ಪತ್ರೆಗೆ ಮೊದಲು ಹೋದುದೂ ವಿದ್ಯಾರ್ಥಿನಿಯಾಗಿಯೇ. ಎಳವೆಯ ಅನಾಥತ್ವ, ಕ್ರಾಂತಿ, ದೇಶತ್ಯಾಗ ಇವನ್ನೆಲ್ಲ ಬಿಟ್ಟು ಒಂದು ವೇಷದ ಮೇಲೆಯೇ ದೋಷ ಹೊರಿಸುವುದೇಕೆ?

1963ರಲ್ಲಿ ಡಾಲಿನ್ ಮೊದಲಾದ ಗೆಳೆಯರ ಪ್ರಯತ್ನದಿಂದ ಅವಳಿಗೆ ಬಿಡುಗಡೆಯಾಯಿತು. ಟಾಲ್‌ಸ್ಟಾಯ್ ಮಹಾಶಯನ ಮಗಳು ನ್ಯೂಯಾರ್ಕ್ ಪ್ರಾಂತದಲ್ಲಿ ನಡೆಸುತ್ತಿದ್ದ ಆಶ್ರಯಧಾಮದಲ್ಲಿ ನೆಲೆಸಿ, ಇನ್ನೂ ಇಪ್ಪತ್ತೆಂಟು ವರ್ಷ ಬಾಳಿ, 1991ರ ಸೆಪ್ಟೆಂಬರಿನಲ್ಲಿ ತನ್ನ 96ನೆಯ ವಯಸ್ಸಿನಲ್ಲಿ ತೀರಿಕೊಂಡಳು.