ದಂಡಿನ ಹೊಟ್ಟೆ ತುಂಬಿಸಿದೋರು ಯಾರು?



ಮೊನ್ನೆ ಒಳಮೀಸಲಾತಿ ಚರ್ಚೆಯ ನಡುವೆ ನಮ್ಮವರೇ ಒಬ್ಬರು "ಎತ್ತು ಹೊಡ್ಕೊಂಡು ಉಪ್ಪು ಮಾರ್ತಿದ್ದ ಲಂಬಾಣಿಗಳಿಗೆ ಏನ್ರೀ ಚರಿತ್ರೆ?" ಅಂತ ಬರೆದಿದ್ರು. ಒಳಮೀಸಲಾತಿ ಬಗ್ಗೆ ನನ್ನ ನಿಲುವು ನಿಮಗೆ ಗೊತ್ತೇ ಇದೆ, ಅದು ಆಗಲೇಬೇಕು. ಆದರೆ ಆ ಮಾತು ಚುಚ್ಚಿತು. ನಮಗೂ ಇದೇ ಮಾತು ಹೇಳ್ಕೊಂಡೇ ಬಂದಿದ್ದಾರಲ್ವಾ? ಅದಕ್ಕೇ ಆ ಎತ್ತುಗಳ ಕಥೆಯನ್ನೇ ಬರೀತಿದ್ದೀನಿ.

1791. ಮೂರನೇ ಮೈಸೂರು ಯುದ್ಧ. ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ದಾರಿಯಲ್ಲಿ ಶತ್ರುವಿಗೆ ಮೇವು, ಧಾನ್ಯ ಸಿಗಬಾರದು ಅಂತ ಟಿಪ್ಪು ಸುಲ್ತಾನರು ಸುಡಿಸಿದ್ದರು. ಮೇ 15ರಂದು ಅರಕೆರೆ ಬಳಿ ನಡೆದ ಕಾಳಗದಲ್ಲಿ ಗೆದ್ದಿದ್ದು ಕಂಪನಿಯೇ. ಆದರೆ ಗೆದ್ದು ಏನು ಮಾಡೋದು? ಅಕ್ಕಿ ಮುಗೀತಾ ಬಂದಿತ್ತು. ಮೇವಿಲ್ಲದೆ, ರೋಗ ಬಂದು ಎತ್ತುಗಳು ರಾಶಿ ರಾಶಿ ಸತ್ತವು. ಕೋಟೆ ಒಡೆಯೋಕೆ ತಂದ ದೊಡ್ಡ ಫಿರಂಗಿಗಳನ್ನ ಸಿಪಾಯಿಗಳೇ ಎಳೆಯೋ ಗತಿ ಬಂತು. ಕೊನೆಗೆ ಆ ಫಿರಂಗಿಗಳನ್ನ ತಾವೇ ಹಾಳುಗೆಡವಿ ವಾಪಸ್ ಹೊರಟರು. ರಾಜಧಾನಿ ಕಣ್ಣೆದುರೇ ಇತ್ತು! ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅವರ ಬಜಾರಿನ ಧಾನ್ಯದಿಂದ ಜೀವ ಉಳೀತು.

ಅಂದ್ರೆ ಆ ವರ್ಷ ಶ್ರೀರಂಗಪಟ್ಟಣವನ್ನ ಉಳಿಸಿದ್ದು ಕತ್ತಿಯಷ್ಟೇ ಅಲ್ಲ. ಕಂಪನಿಯ ಖಾಲಿ ಗೋಣಿಚೀಲ ಮತ್ತು ಸತ್ತ ಎತ್ತುಗಳು.

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಕೆಲವು ತಿಂಗಳು ಎರಡು ಕೆಲಸ ಮಾಡಿದ. ಒಂದು, ದಾರಿ ಭದ್ರ ಮಾಡಿದ. ನಂದಿ, ಸಾವನದುರ್ಗದಂಥ ಬೆಟ್ಟದ ಕೋಟೆಗಳನ್ನ ಹಿಡಿದ. ಅವು ಟಿಪ್ಪು ಕೈಯಲ್ಲಿ ಇರೋವರೆಗೂ ಹಿಂದಿನಿಂದ ಬರೋ ಸರಬರಾಜಿಗೆ ಭಯ ತಪ್ಪಿದ್ದಲ್ಲ. ಎರಡು, ಬಂಜಾರರನ್ನ ಅಂದರೆ ನಮ್ಮ ಲಂಬಾಣಿಗಳನ್ನ ಹುಡುಕಿ ಧಾನ್ಯ ತರೋಕೆ ಒಪ್ಪಿಸಿದ.

ಯಾಕೆ ಅವರೇ? ಬಂಡಿ ಹೋಗೋಕೆ ರಸ್ತೆ ಬೇಕು, ಹೇರೆತ್ತಿಗೆ ಕಾಲುದಾರಿ ಸಾಕು. ಸರ್ಕಾರಿ ಎತ್ತಿಗೆ ಮೇವು ಹೊರಬೇಕು, ಬಂಜಾರರ ಎತ್ತು ದಾರಿಯಲ್ಲೇ ಮೇಯುತ್ತೆ. ಹೆಂಡತಿ, ಮಕ್ಕಳು, ಮುದುಕರು ಸಮೇತ ಇಡೀ ತಾಂಡಾವೇ ಚಲಿಸುತ್ತೆ. ಎಲ್ಲಿ ಮಳೆಯಾಗಿದೆ, ಎಲ್ಲಿ ಧಾನ್ಯ ಅಗ್ಗ, ಯಾವ ಹಳ್ಳದಲ್ಲಿ ನೀರಿದೆ ಅನ್ನೋದು ಅವರ ತಲೆಯಲ್ಲೇ ಇತ್ತು. ತಮ್ಮ ಹೊಣೆಯಲ್ಲೇ ಕೊಂಡು ತಂದು ದಂಡಿನಲ್ಲಿ ಮಾರ್ತಿದ್ರು. ಆಫೀಸಲ್ಲಿ ಒಂದು ರೀಮ್ ಕಾಗದಕ್ಕೆ ಮೂರು ಸಲ ಇಂಡೆಂಟ್ ಬರೆಯೋ ಗುಮಾಸ್ತ ನಾನು. ಹತ್ತಾರು ಸಾವಿರ ಎತ್ತುಗಳ ಸರಬರಾಜನ್ನ ಫೈಲಿಲ್ಲದೆ ನಡೆಸಿದ ಜ್ಞಾನಕ್ಕೆ ಕೈ ಮುಗೀಬೇಕು ಅನ್ಸುತ್ತೆ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಹೊಟ್ಟೆ ತುಂಬಿದ ದಂಡಿನ ಜೊತೆ ಮತ್ತೆ ಬಂದ. ಮುಂದಿನದು ಪಠ್ಯಪುಸ್ತಕದಲ್ಲಿದೆ. ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ.

ಈಗ ಕೆಲವರು "ಹಾಗಾದ್ರೆ ಇವರು ದ್ರೋಹಿಗಳು" ಅಂತ ಶುರು ಮಾಡಬಹುದು. ತಡೀರಿ. ಮರಾಠರು, ನಿಜಾಮ ತಮ್ಮ ಸೈನ್ಯ ಸಮೇತ ಕಂಪನಿ ಪಕ್ಕದಲ್ಲೇ ನಿಂತಿದ್ರು. ರಾಜರು ಮಾಡಿದ್ರೆ ರಾಜತಂತ್ರ, ಹೇರೆತ್ತಿನವರು ಮಾಡಿದ್ರೆ ದ್ರೋಹನಾ? ಬಂಜಾರರು ಯಾವ ದಂಡಿಗಾದರೂ ಧಾನ್ಯ ಮಾರ್ತಿದ್ದ ವ್ಯಾಪಾರಿಗಳು. ಅವರನ್ನ ದೇವರು ಮಾಡೋದೂ ಬೇಡ, ದ್ರೋಹಿ ಮಾಡೋದೂ ಬೇಡ.

ನನ್ನ ಸಿಟ್ಟು ಬೇರೆ ಕಡೆ ಇದೆ. ಮುಂದೆ ರೈಲು ಬಂತು, ರಸ್ತೆ ಬಂತು, ಹೇರೆತ್ತಿನ ಕಸುಬು ಕುಸೀತು. ಅಲೆಮಾರಿಗಳಿಂದ ಅನ್ನ ತರಿಸಿಕೊಂಡಿದ್ದ ಅದೇ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ದೇಶದ ಹಲವು ಕಡೆ ಬಂಜಾರರಿಗೂ ಹುಟ್ಟುಗಳ್ಳರು ಅನ್ನೋ ಹಣೆಪಟ್ಟಿ ಬಿತ್ತು. ಕಾಯ್ದೆ ರದ್ದಾಗೋಕೆ 1952 ಬರಬೇಕಾಯ್ತು. ತಿರುಗಾಡೋದು ದಂಡಿಗೆ ಬೇಕಾದಾಗ ಸೇವೆ, ಬೇಡವಾದಾಗ ಅಪರಾಧ.

ಬರೀ ಲಂಬಾಣಿಗಳ ಮಾತಲ್ಲ ಇದು. ಪ್ರತಿ ದಂಡಿನ ಹಿಂದೆ ನೀರು ಹೊತ್ತೋರು, ಹುಲ್ಲು ಕೊಯ್ದೋರು, ಗಾಯಾಳುಗಳ ಡೋಲಿ ಹೊತ್ತೋರು, ಚರ್ಮದ ಕೆಲಸ ಮಾಡಿದೋರು ಇದ್ರು. ನಮ್ಮ ಕೇರಿಗಳಿಂದ ಹೋದವರೂ ಅದರಲ್ಲಿ ಇದ್ರು. ಶಾಸನದಲ್ಲಿ, ಪ್ರತಿಮೆಯಲ್ಲಿ ಇರೋದು ಕುದುರೆ ಮೇಲಿದ್ದವನು ಮಾತ್ರ.

ಮೀಸಲಾತಿಯಲ್ಲಿ ಪಾಲು ಎಷ್ಟು ಅಂತ ಅಂಕಿ ಅಂಶ ಇಟ್ಕೊಂಡು ಜಗಳ ಆಡೋಣ, ಆಡಲೇಬೇಕು. ಆದರೆ ನಿನಗೆ ಚರಿತ್ರೆಯೇ ಇಲ್ಲ ಅನ್ನೋ ಮಾತು ನಮ್ಮ ಬಾಯಲ್ಲಿ ಬರಬಾರದು. ಅದು ನಮ್ಮನ್ನ ಊರಾಚೆ ಇಟ್ಟವರ ಮಾತು.

ಜೈ ಭೀಮ್.