ಹಿರೋಡೆ, ಫ್ರೆಂಚ್ ರಾಕ್ಸ್, ಪಾಂಡವಪುರ

ಶ್ರೀರಂಗಪಟ್ಟಣಕ್ಕೆ ಉತ್ತರದಲ್ಲಿ ಸುಮಾರು ೪ ಮೈಲಿಗಳ ದೂರದಲ್ಲಿರುವ ಪಾಂಡವಪುರವು ಹೆಸರಿನಿಂದ ದ್ವಾಪರಯುಗದ ಊರೆಂದು ತೋರುವುದಾದರೂ ಆ ಹೆಸರು ಇಪ್ಪತ್ತನೆಯ ಶತಮಾನದ್ದು. ಊರಿನ ಹಳೆಯ ನಾಮವು ಹಿರೋಡೆ. ಹೈದರಾಲಿ, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದ ಕಾರಣ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಸರ್ಕಾರದ ಕಾಗದಗಳಲ್ಲಿಯೂ ಅದೇ ರೂಢಿಯಾಯಿತು. ನೆರೆಯ ಅತ್ತಿಗುಪ್ಪೆಯೂ ೧೮೯೧ರಲ್ಲಿ ಕೃಷ್ಣರಾಜಪೇಟೆಯಾಯಿತು. ಆದರೆ ಅಲ್ಲಿ ಹೆಸರಿನ ಕಾಲವನ್ನು ಕುರಿತು ಯಾರಿಗೂ ಭ್ರಾಂತಿಯುಂಟಾಗದು. ಇಲ್ಲಿ ಉಂಟಾಗುವ ಸಂಭವವುಂಟು.

ಪಾಂಡವಪುರವೆಂಬ ಹೆಸರಿಗೆ ಆಧಾರವು ಊರಿನ ಬಳಿಯ ಕುಂತಿಬೆಟ್ಟದ ಐತಿಹ್ಯ. ಪಾಂಡವರು ತಾಯಿಯೊಡನೆ ವನವಾಸಕಾಲದಲ್ಲಿ ಅಲ್ಲಿದ್ದರೆಂದು ಜನರು ಹೇಳುವರು. ಭಾರತದ ಪ್ರಕಾರ ವನವಾಸಕಾಲದಲ್ಲಿ ಕುಂತಿಯು ಹಸ್ತಿನಾವತಿಯಲ್ಲಿ ವಿದುರನ ಮನೆಯಲ್ಲಿದ್ದಳಷ್ಟೆ! ಐತಿಹ್ಯವನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಅರಗಿನ ಮನೆಯ ದಾಹದ ಅನಂತರದ ಕಾಲಕ್ಕೆ ಒಯ್ಯಬೇಕಾಗುವುದು. ಇಂತಹ ಕಥೆಗಳು ಜನಶ್ರದ್ಧೆಗೆ ಪ್ರಮಾಣವೇ ಹೊರತು ಚರಿತ್ರೆಗಲ್ಲ.

ಈ ಸೀಮೆಯ ನಿಜವಾದ ಪ್ರಾಚೀನತೆಯನ್ನು ನೀರಿನ ಜಾಡಿನಲ್ಲಿ ಅರಸಬೇಕು. ಊರಿನ ಉತ್ತರಕ್ಕೆ ಎರಡು ಕಲ್ಲುಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿ ಕಟ್ಟಿದ ತೊಣ್ಣೂರಿನ ಕೆರೆಯು ವಿಶಾಲವೂ ನಿರ್ಮಲವೂ ಆದುದು. ಶಾಸನಗಳ ತೊಂಡನೂರೇ ಆಡುಮಾತಿನಲ್ಲಿ ಸವೆದು ತೊಣ್ಣೂರಾಗಿದೆ. ಹೊಯ್ಸಳರ ಕಾಲದಲ್ಲಿ ಇದು ಯಾದವನಾರಾಯಣ ಚತುರ್ವೇದಿಮಂಗಲವೆಂಬ ಅಗ್ರಹಾರವಾಗಿದ್ದಿತು. ದೋರಸಮುದ್ರವು ಹಾಳಾದ ಮೇಲೆ ಮೂರನೆಯ ಬಲ್ಲಾಳನು ಇಲ್ಲಿಗೆ ಬಂದನೆಂದು ರೈಸರು ಬರೆದಿದ್ದಾರೆ. ರಾಮಾನುಜಾಚಾರ್ಯರು ಇಟ್ಟರೆನ್ನುವ ತಿರುಮಲಸಾಗರವೆಂಬ ಹೆಸರೂ, ೧೭೪೬ರಲ್ಲಿ ಇಲ್ಲಿ ಇಳಿದಿದ್ದ ನಾಸಿರ್ ಜಂಗನು ನೀರಿನ ಸ್ವಚ್ಛತೆಗೆ ಮೆಚ್ಚಿ ಇಟ್ಟನೆನ್ನುವ ಮೋತಿ ತಲಾಬ್ ಎಂಬ ಹೆಸರೂ ಈ ಒಂದೇ ಕೆರೆಗೆ ಸಂದಿವೆ. ತೊಣ್ಣೂರಿನಿಂದ ಮುಂದೆ ಮೇಲುಕೋಟೆಯ ಕಡೆಗೆ ನೆಲವು ಏರುತ್ತ ಕಲ್ಲುಗುಡ್ಡವಾಗುವುದು. ಅಲ್ಲಿ ಮಳೆಯ ನೀರನ್ನು ಕೊಳಗಳಲ್ಲಿ ಹಿಡಿದಿಟ್ಟುದರಿಂದಲೇ ಕ್ಷೇತ್ರವು ನಿಂತಿತು.

ತಾಲ್ಲೂಕಿನ ದಕ್ಷಿಣಭಾಗದ ಸ್ಥಿತಿಯೇ ಬೇರೆ. ಅದು ಕಾವೇರಿಯ ನಾಲೆಗಳ ನೆಲ. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯು ಈ ಸೀಮೆಯ ಗದ್ದೆಗಳಿಗೆ ಇಂದಿಗೂ ನೀರೂಡುತ್ತಿದೆ. ಕನ್ನಂಬಾಡಿಯ ಕಟ್ಟೆಯ ಕೆಲಸವು ೧೯೧೧ರಲ್ಲಿ ಮೊದಲಾಗಿ, ಮುಂದೆ ಅದರ ಎಡದಂಡೆಯಿಂದ ಇರ್ವಿನ್ ನಾಲೆಯು ಹೊರಟಿತು; ಅದರ ಹೆಸರೂ ಬಳಿಕ ವಿಶ್ವೇಶ್ವರಯ್ಯ ನಾಲೆಯೆಂದು ಬದಲಾಯಿತು.