ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್
ಮುಂದಿನ ಫೋರ್ಕ್‌ನಲ್ಲೂ ಹಿಂಬದಿಯ ಫ್ರೇಮಿನಲ್ಲೂ ಶಾಕ್ ಅಬ್ಸಾರ್ಬರ್ ಇರುವ ಗುಡ್ಡಗಾಡು ಸೈಕಲ್. ಟ್ರೇಲ್ ಸವಾರಿಯ ಮಾದರಿಗಳಲ್ಲಿ ಸಸ್ಪೆನ್ಷನ್ ಚಲನೆ ಸಾಮಾನ್ಯವಾಗಿ 120ರಿಂದ 150 ಮಿ.ಮೀ. ಹೈದರಾಬಾದಿನ ಖಾಜಾಗುಡದ ಗ್ರಾನೈಟ್ ಗುಡ್ಡ, ವಿಕಾರಾಬಾದ್ ಬಳಿ ಮೂಸಿ ನದಿ ಹುಟ್ಟುವ ಅನಂತಗಿರಿಯ ಕಾಡುದಾರಿಗಳಂಥ ನೆಲದಲ್ಲಿ ಇದರ ಗುಣ ತಿಳಿಯುತ್ತದೆ.

ಪರೀಕ್ಷೆ: ಶಾಕ್‌ನ ರಬ್ಬರ್ ಉಂಗುರವನ್ನು ಸೀಲ್‌ವರೆಗೆ ಸರಿಸಿ, ಸವಾರ ಮೆಲ್ಲಗೆ ಕುಳಿತು ಇಳಿಯಬೇಕು. ಉಂಗುರವು ಶಾಕ್‌ನ ಒಟ್ಟು ಚಲನೆಯ ಶೇ. 25–30ರಷ್ಟು ಜರುಗಿದ್ದರೆ ಗಾಳಿಯ ಒತ್ತಡ ಸರಿಯಿದೆ. ಏರಿನಲ್ಲಿ ಪೆಡಲ್ ತುಳಿದಾಗ ಹಿಂಬದಿ ಅತಿಯಾಗಿ ಕುಪ್ಪಳಿಸಿದರೆ ತುಳಿತದ ಶಕ್ತಿ ಪೋಲಾಗುತ್ತದೆ. ರಿಬೌಂಡ್, ಅಂದರೆ ಕುಗ್ಗಿದ ಶಾಕ್ ಮತ್ತೆ ಹಿಗ್ಗುವುದು, ತೀರಾ ವೇಗವಾದರೆ ಇಳಿಜಾರಿನಲ್ಲಿ ಸೈಕಲ್ ಸವಾರನನ್ನು ಮೇಲಕ್ಕೆಸೆಯುತ್ತದೆ. ತೀರಾ ನಿಧಾನವಾದರೆ ಸಾಲು ಕಲ್ಲುಗಳ ಮೇಲೆ ಕುಸಿದೇ ಉಳಿಯುತ್ತದೆ. ಒಣ ಗರಸಿನ ತಿರುವಿನಲ್ಲಿ ಟೈರ್ ಜಾರುವುದರಿಂದ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯುವುದು ವಾಡಿಕೆ.